ನಮ್ಮದೇ ಮಗು

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದರೆ ನಮ್ಮಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ಜೊತೆಗೆ ಅತ್ತೆಯೋ ಅಮ್ಮನೋ ಇರುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ, ಕೆಲವರಿಗೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನೋಡುವ ಲ್ಯಾಪರೊಸ್ಕೋಪಿ, ಎಲ್ಲವೂ ಒಂದಾದ ಮೇಲೊಂದು ಆಗುತ್ತವೆ. ನಡುನಡುವೆ ನಾಗಪ್ರತಿಷ್ಠೆ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ. ಅವಳ ಫೈಲು ದಪ್ಪವಾಗುತ್ತಾ ಹೋಗುತ್ತದೆ. ಗಂಡನ ವೀರ್ಯ ಪರೀಕ್ಷೆ ಮಾತ್ರ ಕಟ್ಟಕಡೆಗೆ ಉಳಿಯುತ್ತದೆ. ಒಂದು ಡಬ್ಬಿಯಲ್ಲಿ ಮಾದರಿ ಕೊಟ್ಟರೆ ಆಯಿತು. ನೋವಿಲ್ಲ, ಹೆಚ್ಚು ಖರ್ಚಿಲ್ಲ, ಒಂದೆರಡು ದಿನದಲ್ಲಿ ವರದಿ ಕೈಗೆ ಬರುತ್ತದೆ. ನಿಜವಾಗಿ ಮೊದಲು ಆಗಬೇಕಾದ ಪರೀಕ್ಷೆಯೇ ಅದು.

ಸಂತಾನಹೀನತೆಯ ಚಿಕಿತ್ಸೆ ಕೊಡುವ ಕೇಂದ್ರವೊಂದರಲ್ಲಿ ನಾನು ಆಪ್ತ ಸಮಾಲೋಚಕಿ. ಔಷಧಿ ಕೊಡುವುದು ವೈದ್ಯರ ಕೆಲಸ, ಕೂತು ಮಾತಾಡುವುದು ನನ್ನ ಕೆಲಸ. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಮಕ್ಕಳಾಗದ ತೊಂದರೆ ಎದುರಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ದೇಹದ ಕಾರಣವೂ ಇರುತ್ತದೆ, ಕೆಲವು ಸಲ ಅದೊಂದೇ ಇರುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಅವರಲ್ಲೂ ಒಂದು ಸಣ್ಣ ಗುಂಪಿನ ಬಗ್ಗೆ. ಇವರ ವೀರ್ಯದಲ್ಲಿ ವೀರ್ಯಾಣುವೇ ಇರುವುದಿಲ್ಲ. ವೈದ್ಯರು ಇದನ್ನು ಅಜೂಸ್ಪರ್ಮಿಯಾ ಎನ್ನುತ್ತಾರೆ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಹೀಗಿರುತ್ತದೆ.

ವರದಿಯಲ್ಲಿ ‘ಸೊನ್ನೆ’ ಎಂದು ಕಂಡಾಗ ಎದುರಿಗೆ ಕೂತ ಗಂಡಸಿನ ಮುಖ ನೋಡಲಾಗುವುದಿಲ್ಲ. ‘ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ, ಮತ್ತೆ ಹೆಂಗೆ?’ ಎಂದು ಕೇಳುತ್ತಾರೆ. ಅವರು ಹೇಳುವುದು ನಿಜವೇ. ವೀರ್ಯವೆಂದು ನಾವು ಕರೆಯುವ ದ್ರವದ ಬಹುಪಾಲು ಬೇರೆ ಗ್ರಂಥಿಗಳಿಂದ ಬರುತ್ತದೆ, ವೀರ್ಯಾಣುಗಳ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ದಾಂಪತ್ಯದ ಸುಖದಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣಗಳು ಬೇರೆ. ಹುಡುಗ ದೊಡ್ಡವನಾಗುವ ವಯಸ್ಸಿನಲ್ಲಿ ಬಂದ ಮಂಗನಬಾವು ಬೀಜಕ್ಕೆ ಇಳಿದಿರಬಹುದು. ಹುಟ್ಟುವಾಗ ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿರಬಹುದು. ಕ್ಯಾನ್ಸರಿಗೆ ಕೊಟ್ಟ ಔಷಧಿಯೋ ವಿಕಿರಣವೋ ಕಾರಣವಾಗಿರಬಹುದು. ಕೆಲವರಿಗೆ ಒಂದು ಎಕ್ಸ್ ಕ್ರೋಮೋಸೋಮು ಹೆಚ್ಚಿಗೆ ಇರುತ್ತದೆ, ಕೆಲವರಲ್ಲಿ ವೈ ಕ್ರೋಮೋಸೋಮಿನ ಒಂದು ತುಣುಕು ಇರುವುದಿಲ್ಲ. ಇವುಗಳಲ್ಲಿ ಯಾವುದೂ ಅವರು ಮಾಡಿದ ತಪ್ಪಿನಿಂದ ಆದದ್ದಲ್ಲ.

ಒಂದೇ ವರದಿ ನಂಬಿ ಮುಂದೆ ಹೋಗಬಾರದು. ವೀರ್ಯಾಣು ತಯಾರಾಗುವುದಕ್ಕೆ 70 ದಿನಕ್ಕೂ ಮೇಲೆ ಬೇಕು, ಎರಡು ತಿಂಗಳ ಹಿಂದೆ ಬಂದ ಜೋರು ಜ್ವರವೂ ಇವತ್ತಿನ ಲೆಕ್ಕ ಕೆಡಿಸೀತು. ಹಾಗಾಗಿ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಹಾರ್ಮೋನು ಕೊರತೆಯಿದ್ದರೆ ಇಂಜೆಕ್ಷನ್ನಿನಿಂದ ಸರಿಹೋಗುವುದುಂಟು. ನಾಳ ಮುಚ್ಚಿಕೊಂಡಿದ್ದರೆ ಬೀಜದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು, ಒಂದೊಂದನ್ನು ಒಂದೊಂದು ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಚಿಕಿತ್ಸೆ 1992ರಿಂದ ಇದೆ. ಇದರಿಂದ ಎಷ್ಟೋ ಗಂಡಸರಿಗೆ ದಾನಿಯ ಅಗತ್ಯವೇ ಬೀಳಲಿಲ್ಲ. ಬೀಜದಲ್ಲೂ ವೀರ್ಯಾಣು ಸಿಗದವರಿಗೆ, ಇಕ್ಸಿಯ ಖರ್ಚು ಭರಿಸಲಾಗದವರಿಗೆ, ವಂಶದಲ್ಲಿ ಇಳಿದು ಬರುವ ಗಂಭೀರ ಕಾಯಿಲೆ ಮಗುವಿಗೆ ದಾಟದಿರಲಿ ಎನ್ನುವವರಿಗೆ ಉಳಿಯುವ ದಾರಿಗಳು ಮೂರು: ದತ್ತು, ಮಕ್ಕಳಿಲ್ಲದ ಬಾಳು, ದಾನಿಯ ವೀರ್ಯ. ಮೂರೂ ಮರ್ಯಾದೆಯ ದಾರಿಗಳೇ.

ದಾನಿಯ ವೀರ್ಯದಿಂದ ಗರ್ಭಧಾರಣೆ ಎಂದರೆ ಏನೇನೋ ಕಲ್ಪಿಸಿಕೊಂಡು ಬರುತ್ತಾರೆ. ಪರಪುರುಷನ ಸಂಬಂಧ ಎನ್ನುವ ಅಳುಕು ಹೆಂಗಸರಲ್ಲಿ ಬಹಳ. ಅದಕ್ಕೇ ನಡೆಯುವುದನ್ನು ನಡೆಯುವ ಹಾಗೇ ಹೇಳುತ್ತೇನೆ. ಮುಟ್ಟಾದ ಒಂಬತ್ತು ಹತ್ತನೆಯ ದಿನದಿಂದ ಸ್ಕ್ಯಾನಿಂಗ್ ಶುರು. ಅಂಡಾಣು ಕೂತಿರುವ ನೀರಿನ ಚೀಲ 18ರಿಂದ 20 ಮಿಲಿಮೀಟರಿಗೆ ಬೆಳೆದಾಗ ಒಂದು ಇಂಜೆಕ್ಷನ್. ಅದಾಗಿ ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ, ಬಂದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಲ್ಯಾಬಿನಲ್ಲಿ ಸಿದ್ಧತೆ ನಡೆಯುತ್ತದೆ. ಹಾಲಿನ ಡೇರಿಯ ಕ್ಯಾನಿನಂಥ ಒಂದು ಪಾತ್ರೆ. ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕಿ ನೆಲದ ಮೇಲೆ ಹರಿಯುತ್ತದೆ. ಲ್ಯಾಬಿನವರು ಉದ್ದ ಚಿಮಟದಲ್ಲಿ ಬೆರಳಷ್ಟೂ ಉದ್ದವಿಲ್ಲದ ಒಂದು ಸೀಸೆ ಎತ್ತುತ್ತಾರೆ. ಅದರ ಮೇಲೆ ಹೆಸರಿಲ್ಲ, ನಂಬರು ಇದೆ. ಒಬ್ಬರು ನಂಬರು ಓದುತ್ತಾರೆ, ಇನ್ನೊಬ್ಬರು ಕಾಗದ ನೋಡಿ ಹೌದು ಎನ್ನುತ್ತಾರೆ. ಕರಗಿಸಿ, ತೊಳೆದು, ಚುರುಕಾಗಿ ಓಡಾಡುವ ವೀರ್ಯಾಣುಗಳನ್ನಷ್ಟೇ ಅರ್ಧ ಮಿಲಿಲೀಟರಿನಷ್ಟು ದ್ರವದಲ್ಲಿ ತೆಗೆದುಕೊಳ್ಳುತ್ತಾರೆ. ಮೆತ್ತನೆಯ ಸಣ್ಣ ನಳಿಗೆಯಲ್ಲಿ ಅದು ಗರ್ಭಕೋಶಕ್ಕೆ ಸೇರುತ್ತದೆ. ಐದು ನಿಮಿಷದ ಕೆಲಸ, ಅರಿವಳಿಕೆ ಬೇಡ. ಹತ್ತು ಹದಿನೈದು ನಿಮಿಷ ಮಲಗಿದ್ದು ಎದ್ದು ಮನೆಗೆ ಹೋಗಬಹುದು. ಎರಡು ವಾರದ ನಂತರ ಪರೀಕ್ಷೆ. ಮೂವತ್ತೈದರೊಳಗಿನ ಹೆಂಗಸಿಗೆ ಒಂದು ಸಲಕ್ಕೆ ನಿಲ್ಲುವ ಸಾಧ್ಯತೆ ಸುಮಾರು 100ಕ್ಕೆ 10ರಿಂದ 20. ಅಂದರೆ ಮೊದಲ ಸಲವೇ ಆಗಲಿಲ್ಲ ಎಂದು ಎದೆಗುಂದಬೇಕಾಗಿಲ್ಲ, ಮೂರು ನಾಲ್ಕು ಸಲ ಮಾಡಿಸುವುದು ಮಾಮೂಲು.

ವೀರ್ಯವನ್ನು ಹೀಗೆ ಹೆಪ್ಪುಗಟ್ಟಿಸಿಟ್ಟು ಮಗು ಪಡೆಯಬಹುದೆಂದು ಮೊದಲು ತೋರಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜೆರೋಮ್ ಶೆರ್ಮನ್ ಮತ್ತು ರೇಮಂಡ್ ಬಂಜ್, 1953ರಲ್ಲಿ. ಇದರಿಂದ ದಾನಿ ಆ ದಿನ ಆ ಹೊತ್ತಿಗೆ ಬರಬೇಕೆಂಬ ಕಷ್ಟ ತಪ್ಪಿತು. ಅದಕ್ಕಿಂತ ದೊಡ್ಡ ಲಾಭ ಸಿಕ್ಕಿದ್ದು ಎಚ್‌ಐವಿ ಬಂದ ಮೇಲೆ. ಸೋಂಕು ತಗುಲಿದ ಹೊಸದರಲ್ಲಿ ರಕ್ತ ಪರೀಕ್ಷೆಗೆ ಅದು ಸಿಕ್ಕದಿರಬಹುದು. ಅದಕ್ಕೇ ದಾನಿಯ ವೀರ್ಯವನ್ನು ಆರು ತಿಂಗಳು ಬಳಸದೆ ಇಟ್ಟು, ದಾನಿಗೆ ಮತ್ತೆ ಪರೀಕ್ಷೆ ಮಾಡಿ, ಎಲ್ಲ ಸರಿಯಿದ್ದರೆ ಮಾತ್ರ ಹೊರಗೆ ಕೊಡುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಈಗ ಕಾನೂನಿದೆ. ಎಆರ್‌ಟಿ ಕಾಯ್ದೆ ಎಂದು ಕರೆಯುವ, 2021ರಲ್ಲಿ ಸಂಸತ್ತು ಒಪ್ಪಿದ ಈ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ದಾನಿಯ ವಯಸ್ಸು 21ರಿಂದ 55ರ ನಡುವೆ ಇರಬೇಕು. ವೀರ್ಯ ಬರಬೇಕಾದ್ದು ನೋಂದಾಯಿತ ಬ್ಯಾಂಕಿನಿಂದ, ಬೇರೆಲ್ಲಿಂದಲೂ ಅಲ್ಲ. ಚಿಕಿತ್ಸೆ ಪಡೆಯುವ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷ. ಗಂಡನಿಲ್ಲದ ಹೆಣ್ಣುಮಗಳು, ವಿಧವೆಯಾಗಲಿ, ವಿಚ್ಛೇದಿತೆಯಾಗಲಿ, ಮದುವೆಯೇ ಆಗದವಳಾಗಲಿ, ತಾನೇ ಬಂದು ಕೇಳಬಹುದು. ಗಂಡು ಬೇಕು ಹೆಣ್ಣು ಬೇಕು ಎಂದು ಆರಿಸುವಂತಿಲ್ಲ. ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ಆ ದಂಪತಿಯದೇ ಮಗು, ಸ್ವಂತ ಮಗುವಿಗೆ ಇರುವ ಹಕ್ಕೆಲ್ಲ ಅದಕ್ಕೂ ಉಂಟು. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ಜನನ ಪ್ರಮಾಣಪತ್ರದಲ್ಲಿ ಯಾರ ಹೆಸರು ಬರೆಸಬೇಕು, ಆಸ್ತಿಯ ವಿಚಾರ ನಾಳೆ ಏನಾಗುತ್ತದೆ ಎಂದು ನಿದ್ದೆಗೆಡುವವರಿಗೆ ಇಷ್ಟು ಹೇಳಿದರೇ ಅರ್ಧ ಭಾರ ಇಳಿಯುತ್ತದೆ.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ. ಒಬ್ಬ ದಾನಿಯ ವೀರ್ಯವನ್ನು ಬ್ಯಾಂಕು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವ ಹಾಗಿಲ್ಲ. 2012ರಲ್ಲಿ ‘ವಿಕಿ ಡೋನರ್’ ಎಂಬ ಹಿಂದಿ ಸಿನಿಮಾ ಬಂದಾಗ ಒಬ್ಬನೇ ದಾನಿಯಿಂದ ಹತ್ತಾರು ಮನೆಗಳಲ್ಲಿ ತೊಟ್ಟಿಲು ತೂಗಿದ್ದನ್ನು ನೋಡಿ ಜನ ನಕ್ಕರು. ನಗುವ ವಿಷಯ ಅದಲ್ಲ. ನೆದರ್ಲೆಂಡ್ಸ್‌ನಲ್ಲಿ ಯಾನ್ ಕಾರ್ಬಾಟ್ ಎಂಬ ವೈದ್ಯ ದಾನಿಯದೆಂದು ಹೇಳಿ ತನ್ನದೇ ವೀರ್ಯ ಬಳಸಿದ್ದ. ಅವನು ಸತ್ತ ಮೇಲೆ, 2019ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ 49 ಜನ ಅವನ ಮಕ್ಕಳೆಂದು ಖಚಿತವಾಯಿತು. ಒಂದೇ ಊರಿನ ಸುತ್ತ ಒಬ್ಬನ ಮಕ್ಕಳು ಇಷ್ಟು ಜನ ಇದ್ದರೆ, ಗೊತ್ತಿಲ್ಲದೆ ತಮ್ಮತಮ್ಮಲ್ಲೇ ಮದುವೆಯಾಗುವ ಅಪಾಯವಿದೆ. ಗೋತ್ರ, ಬಳಿ, ಬೆಡಗು ನೋಡಿ ಹೆಣ್ಣು ತರುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯವರು ನಮ್ಮ ಮುಂದೆ ಇಡುವ ಇನ್ನೊಂದು ಬೇಡಿಕೆಯಿದೆ. ‘ಹೊರಗಿನವರದ್ಯಾಕೆ, ಮೈದುನ ಇದಾನಲ್ಲ, ನಮ್ಮ ವಂಶವೇ ಮುಂದುವರಿಯುತ್ತೆ’ ಎಂದು ಅತ್ತೆ ಕೇಳುತ್ತಾರೆ. ಕೆಟ್ಟ ಉದ್ದೇಶದಿಂದ ಕೇಳುವುದಿಲ್ಲ. ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ, ಬ್ಯಾಂಕಿನ ಮೂಲಕವೇ ಬರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿಯೂ ಬಂಧುಗಳು, ಪರಿಚಯದವರು ದಾನಿಗಳಾಗಬಾರದೆಂದೇ ಹೇಳಿತ್ತು. ಇದು ಸರಿ ಎಂದೇ ನನ್ನ ಅಭಿಪ್ರಾಯ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ದಿನಾ ಊಟಕ್ಕೆ ಕೂರುವ ಚಿಕ್ಕಪ್ಪ. ನಾಳೆ ಜಮೀನು ಪಾಲಾಗುವ ದಿನ ಒಂದು ಮಾತು ಬಾಯಿ ಜಾರಿದರೆ ಆ ಮಗುವಿನ ಗತಿಯೇನು? ಅದಿರಲಿ, ಈ ಬೇಡಿಕೆ ಬಂದಾಗಲೆಲ್ಲ ನಾನು ನೋಡುವುದು ಸೊಸೆಯ ಮುಖ. ಅವಳನ್ನು ಯಾರೂ ಕೇಳಿರುವುದಿಲ್ಲ.

ಕೇಳದೆ ಮಾಡಿದ್ದರ ಕತೆ ಹಳೆಯದು. ದಾನಿಯ ವೀರ್ಯದಿಂದ ಗರ್ಭಧಾರಣೆ ಆದದ್ದಕ್ಕೆ ದಾಖಲೆಯಿರುವ ಮೊದಲ ಪ್ರಸಂಗ ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನದು, 1884ರದು. ವ್ಯಾಪಾರಿಯೊಬ್ಬನ ಹೆಂಡತಿ ಮಕ್ಕಳಾಗಲಿಲ್ಲವೆಂದು ಬಂದಿದ್ದಳು. ವಿಲಿಯಂ ಪ್ಯಾಂಕೋಸ್ಟ್ ಎಂಬ ಪ್ರೊಫೆಸರರು ಅವಳನ್ನು ಪರೀಕ್ಷೆ ಮಾಡಿ ದೋಷ ಕಾಣದೆ ಗಂಡನನ್ನು ನೋಡಿದರೆ ಅವನಲ್ಲಿ ವೀರ್ಯಾಣು ಇರಲಿಲ್ಲ. ಆಮೇಲೆ ಪರೀಕ್ಷೆಯ ನೆಪದಲ್ಲಿ ಅವಳನ್ನು ಕರೆಸಿ, ಕ್ಲೋರೋಫಾರಂ ಕೊಟ್ಟು, ವಿದ್ಯಾರ್ಥಿಗಳ ಎದುರಿಗೆ, ಅವರಲ್ಲೇ ಒಬ್ಬನ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸಿದರು. ಗಂಡನಿಗೆ ಹೇಳಿದ್ದು ಆಮೇಲೆ, ಅವಳಿಗೆ ಹೇಳಲೇ ಇಲ್ಲ. ಗಂಡುಮಗು ಹುಟ್ಟಿತು. ಆ ವಿದ್ಯಾರ್ಥಿಗಳಲ್ಲೊಬ್ಬ 1909ರಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದಾಗಲೇ ಇದು ಹೊರಬಿದ್ದದ್ದು.

ನಮ್ಮಲ್ಲಿ ಈ ಮಾತು ಬಂದಾಗ ಸಮಾಧಾನಕ್ಕೆ ಯಾರಾದರೂ ಮಹಾಭಾರತ ತೆಗೆಯುತ್ತಾರೆ. ನಿಯೋಗ ಇರಲಿಲ್ಲವೇ, ವ್ಯಾಸರಿಂದ ಕುರುವಂಶ ಉಳಿಯಲಿಲ್ಲವೇ ಎನ್ನುತ್ತಾರೆ. ಉಳಿಯಿತು, ನಿಜ. ಆದರೆ ಅಂಬಿಕೆ ಕಣ್ಣು ಮುಚ್ಚಿಕೊಂಡಳು, ಅಂಬಾಲಿಕೆ ಬಿಳಿಚಿಕೊಂಡಳು. ಮತ್ತೆ ಹೋಗು ಎಂದಾಗ ಅಂಬಿಕೆ ತಾನು ಹೋಗದೆ ದಾಸಿಯನ್ನು ಕಳಿಸಿದಳು. ನಿರ್ಧಾರ ಅತ್ತೆ ಸತ್ಯವತಿಯದಾಗಿತ್ತು, ಸೊಸೆಯರದಲ್ಲ. ಈಗಿನ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಬರೆದು ಒಪ್ಪಿಗೆ ಕೊಡಬೇಕು. ಗರ್ಭಕೋಶಕ್ಕೆ ಸೇರಿಸುವ ಮೊದಲು ಯಾವ ಘಳಿಗೆಯಲ್ಲಾದರೂ ಬೇಡವೆನ್ನಬಹುದು. ಆ ಸಹಿಗೆ ಅಷ್ಟು ಬೆಲೆಯಿದೆ, ಅದನ್ನು ಓದದೆ ಹಾಕಬೇಡಿ.

ಗಂಡಸಿನ ಒಪ್ಪಿಗೆಯ ವಿಚಾರ ಇನ್ನೂ ಸೂಕ್ಷ್ಮ. ಎಪಿಎಂಸಿಯಲ್ಲಿ ಮಂಡಿ ಇಟ್ಟಿದ್ದ ಒಬ್ಬರು ನೆನಪಾಗುತ್ತಾರೆ. ಎರಡನೆಯ ವರದಿಯಲ್ಲೂ ಸೊನ್ನೆ ಬಂದ ದಿನವೇ ‘ದಾನಿದೇ ಮಾಡಿಬಿಡಿ ಮೇಡಂ, ಎಲ್ಲಿ ಸೈನ್ ಹಾಕಬೇಕು ಹೇಳಿ’ ಎಂದರು. ಹೆಂಡತಿಯನ್ನು ಬೇರೆ ಕೂರಿಸಿ ಮಾತಾಡಿಸಿದೆ. ‘ನಮ್ಮ ಅತ್ತೆಗೆ ತೊಂದ್ರೆ ನಂದೇ ಅಂತ ಹೇಳಿದೀವಿ ಮೇಡಂ. ಪರವಾಗಿಲ್ಲ ಬಿಡಿ, ನಂಗೆ ಅಭ್ಯಾಸ ಆಗಿದೆ. ನಮ್ಮನೆಯವರು ರಾತ್ರಿ ಹೊತ್ತು ಎದ್ದು ಜಗಲಿ ಮೇಲೆ ಕೂತಿರ್ತಾರೆ, ಅದೇ ನನಗೆ ಸಂಕಟ’ ಎಂದಳು. ಆ ದಿನ ಸಹಿ ಬೇಡವೆಂದು ಕಳಿಸಿದೆವು. ಆ ಮನುಷ್ಯನಿಗೆ ಒಂದು ಸಾವಾಗಿತ್ತು. ತನ್ನ ಮೂಗು, ತನ್ನ ಅಪ್ಪನ ಹಣೆ ಇರುವ ಒಂದು ಮಗು ಅವರ ಮನಸ್ಸಿನಲ್ಲಿ ವರ್ಷಗಟ್ಟಲೆ ಆಡಿಕೊಂಡಿತ್ತು, ಅದು ಇನ್ನು ಹುಟ್ಟುವುದಿಲ್ಲ. ಅದಕ್ಕೆ ಅಳದೆ ಇನ್ನೊಂದು ಮಗುವನ್ನು ಎತ್ತಿಕೊಳ್ಳಲು ಹೋದರೆ, ಹುಟ್ಟಿದ ಮಗುವಿನ ಮುಖದಲ್ಲಿ ದಿನಾ ದಾನಿಯನ್ನೇ ಹುಡುಕುತ್ತಾರೆ. ಕೆಲವು ತಿಂಗಳು ಕಳೆದು ಅವರು ತಾವಾಗಿ ಫೋನು ಮಾಡಿದರು. ಅಷ್ಟರಲ್ಲಿ ತಮ್ಮ ತಾಯಿಗೆ ತಾವೇ ನಿಜ ಹೇಳಿದ್ದರು. ಅವರ ಮಗಳು ಈಗ ಶಾಲೆಗೆ ಹೋಗುತ್ತಾಳೆ.

ಒಂದು ಕಾಲದಲ್ಲಿ ವಿದೇಶದ ಕೆಲವು ವೈದ್ಯರು ದಾನಿಯ ವೀರ್ಯಕ್ಕೆ ಗಂಡನದನ್ನೂ ಬೆರೆಸುತ್ತಿದ್ದರು. ನಿಮ್ಮದೇ ಇದ್ದರೂ ಇರಬಹುದು ಎಂದುಕೊಳ್ಳಲಿ ಎಂಬ ಅನುಕಂಪ. ಮನೆಗೆ ಹೋಗಿ ಇದನ್ನು ಮರೆತುಬಿಡಿ, ಯಾರಿಗೂ ಹೇಳಬೇಡಿ ಎಂಬ ಸಲಹೆಯೂ ಜೊತೆಗೆ ಹೋಗುತ್ತಿತ್ತು. ಆ ಸಲಹೆ ನಮ್ಮಲ್ಲಿ ಇವತ್ತಿಗೂ ನಡೆದಿದೆ. ನಾನು ಅದನ್ನು ಒಪ್ಪುವುದಿಲ್ಲ. ಮಗುವಿಗೆ ಹೇಳಬೇಕು, ಚಿಕ್ಕಂದಿನಲ್ಲೇ ಹೇಳಬೇಕು.

ಯಾಕೆಂದರೆ ಮುಚ್ಚಿಟ್ಟದ್ದು ಮುಚ್ಚಿದ ಹಾಗೇ ಉಳಿಯುವ ಕಾಲ ಹೋಯಿತು. ಪಿಯುಸಿ ಜೀವಶಾಸ್ತ್ರದಲ್ಲಿ ರಕ್ತದ ಗುಂಪಿನ ಪಾಠವಿದೆ. ಅಪ್ಪ ಅಮ್ಮ ಇಬ್ಬರದೂ ಓ ಗುಂಪಾದರೆ ಮಗುವಿನದು ಎ ಆಗುವುದಿಲ್ಲವೆಂದು ಹದಿನೇಳರ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾಳೆ. ದಾನಿಯನ್ನು ಆರಿಸುವಾಗ ಗುಂಪು ಹೊಂದಿಸುವುದು ಇದಕ್ಕೇ. ಆದರೆ ಡಿಎನ್‌ಎ ಪರೀಕ್ಷೆಗೆ ಅಂಥ ಹೊಂದಾಣಿಕೆ ಸಾಲದು. ಎಂಜಲು ತುಂಬಿದ ಸಣ್ಣ ಕೊಳವೆಯೊಂದನ್ನು ಅಂಚೆಯಲ್ಲಿ ಕಳಿಸಿ ಬಂಧುಗಳನ್ನು ಪತ್ತೆಮಾಡುವ ಪರೀಕ್ಷೆಗಳು ಬಂದಿವೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಓದಲು ಹೋದ ನಮ್ಮ ಮಕ್ಕಳಿಗೆ ಸ್ನೇಹಿತರು ಹುಟ್ಟುಹಬ್ಬಕ್ಕೆ ಅದನ್ನೇ ಉಡುಗೊರೆ ಕೊಟ್ಟರೆ ಆಶ್ಚರ್ಯವಿಲ್ಲ. ಇಪ್ಪತ್ತೈದರ ವಯಸ್ಸಿಗೆ ಕಂಪ್ಯೂಟರಿನ ಪರದೆಯಿಂದ ತಿಳಿಯುವುದಕ್ಕಿಂತ, ಐದರ ವಯಸ್ಸಿಗೆ ಅಪ್ಪನ ತೊಡೆಯ ಮೇಲೆ ಕೂತು ತಿಳಿಯುವುದು ಮೇಲಲ್ಲವೇ?

ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲಂಬಾಕ್ ಮತ್ತು ಅವರ ಜೊತೆಗಾರರು ದಾನಿಯಿಂದಲೂ ಬಾಡಿಗೆ ತಾಯ್ತನದಿಂದಲೂ ಹುಟ್ಟಿದ ಮಕ್ಕಳನ್ನು ಕೂಸಾಗಿದ್ದಾಗಿಂದ ಇಪ್ಪತ್ತು ವರ್ಷದವರೆಗೆ ನೋಡಿಕೊಂಡು ಬಂದು, 2023ರಲ್ಲಿ ವರದಿ ಪ್ರಕಟಿಸಿದರು. ಈ ಮಕ್ಕಳ ಮನಸ್ಸಿನ ಆರೋಗ್ಯ ಬೇರೆ ಮಕ್ಕಳಿಗಿಂತ ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ. ಏಳು ವರ್ಷದೊಳಗೆ ವಿಷಯ ತಿಳಿದವರಿಗೆ ತಾಯಿಯೊಡನೆ ಬಾಂಧವ್ಯ ಇನ್ನೂ ಚೆನ್ನಾಗಿತ್ತು. ಸ್ವೀಡನ್ 1985ರಿಂದ, ಬ್ರಿಟನ್ 2005ರಿಂದ, ದೊಡ್ಡವರಾದ ಮಕ್ಕಳಿಗೆ ದಾನಿ ಯಾರೆಂದು ತಿಳಿಯುವ ಹಕ್ಕನ್ನೂ ಕೊಟ್ಟಿವೆ. ನಮ್ಮ ಕಾಯ್ದೆಯಲ್ಲಿ ಆ ಹಕ್ಕಿಲ್ಲ. ಇದು ಬರಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಅದು ಬರುವವರೆಗೆ ಮಗುವಿಗೆ ತನ್ನ ಹುಟ್ಟಿನ ಬಗ್ಗೆ ಸಿಗುವುದು ತಂದೆ ತಾಯಿ ಹೇಳಿದಷ್ಟೇ.

ಹೇಗೆ ಹೇಳುವುದು ಎಂದು ಕೇಳುತ್ತಾರೆ. ‘ಪುಟ್ಟಿ, ಪಾಪು ಆಗೋಕೆ ಅಮ್ಮನ ಹತ್ರ ಇರೋದೊಂದು, ಅಪ್ಪನ ಹತ್ರ ಇರೋದೊಂದು ಎರಡೂ ಬೇಕು. ಅಪ್ಪನ ಹತ್ರ ಅದು ಇರಲಿಲ್ಲ. ಯಾರೋ ಒಬ್ರು ಪುಣ್ಯಾತ್ಮರು ಕೊಟ್ರು, ಡಾಕ್ಟ್ರು ಅಮ್ಮನ ಹೊಟ್ಟೆಗೆ ಸೇರಿಸಿದ್ರು, ನೀನು ಬಂದೆ. ನೀನು ಬೇಕು ಬೇಕು ಅಂತ ನಾವು ಎಷ್ಟು ಕಾದಿದ್ವಿ ಗೊತ್ತಾ?’ ನಾಲ್ಕೈದು ವರ್ಷದ ಮಗುವಿಗೆ ಇಷ್ಟು ಸಾಕು. ಮಂಡಿಯವರ ಮಗಳು ಇದನ್ನು ಕೇಳಿ, ಆ ಪುಣ್ಯಾತ್ಮರಿಗೆ ನಾಯಿ ಇದೆಯಾ ಎಂದು ಕೇಳಿ ಆಡಲು ಹೋದಳಂತೆ. ಅದು ಒಂದು ಸಲ ಕೂರಿಸಿಕೊಂಡು ಮುಗಿಸುವ ಮಾತಲ್ಲ. ಮಗು ಬೆಳೆದಂತೆ ಪ್ರಶ್ನೆ ಬೆಳೆಯುತ್ತದೆ, ಉತ್ತರವನ್ನೂ ಬೆಳೆಸಬೇಕು. ಹಾಗೆಂದು ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಬೀದಿಯವರಿಗೆ, ನೆಂಟರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಮಗುವಿನದು ಹಾಗಲ್ಲ, ವಿಷಯವೇ ಅದರದು.

ಕೊನೆಯಲ್ಲಿ ಕೆಲವು ಉಪಯೋಗದ ಮಾತು. ಮೊದಲ ಭೇಟಿಗೇ ಗಂಡ ಹೆಂಡತಿ ಇಬ್ಬರೂ ಬನ್ನಿ, ವೀರ್ಯ ಪರೀಕ್ಷೆ ಆಗ ಬೇಗ ಮುಗಿಯುತ್ತದೆ. ಮಾದರಿ ಕೊಡುವ ಮುಂಚೆ ಎರಡರಿಂದ ಏಳು ದಿನ ದೇಹ ಸಂಪರ್ಕ ಬೇಡ. ಆಸ್ಪತ್ರೆಗೂ ವೀರ್ಯ ಬ್ಯಾಂಕಿಗೂ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ, ಪ್ರಮಾಣಪತ್ರ ನೋಡಿ. ದಾನಿಗೆ ಯಾವ ಯಾವ ಪರೀಕ್ಷೆ ಆಗಿದೆ, ಆರು ತಿಂಗಳ ನಂತರ ಮತ್ತೆ ಆಗಿದೆಯೇ ಎಂದು ವಿಚಾರಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕೆನ್ನಿ, ಇಲ್ಲವೇ ಯಾರಾದರೂ ಕನ್ನಡದಲ್ಲಿ ಓದಿ ಹೇಳಲಿ, ಒಂದು ಪ್ರತಿ ಮನೆಗೆ ತನ್ನಿ. ಸಮಾಲೋಚಕರೊಡನೆ ಒಬ್ಬೊಬ್ಬರೇ ಮಾತಾಡಲು ಅರ್ಧ ಗಂಟೆ ಕೇಳಿ ಪಡೆಯಿರಿ. ಆ ಅರ್ಧ ಗಂಟೆ ಅತ್ತೆ ಮಾವ ಹೊರಗೆ ಕೂತಿರಲಿ.